ಮುಅಲ್ಲಿಮ್ ಮತ್ತು ಬೀಬಿ: ಒಂದು ನಾಡು ಸ್ವತಂತ್ರವಾದ ಕತೆ



ಸ್ವಾತಂತ್ರ್ಯ ಹೋರಾಟ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಶಾಲೆಯ ಗೋಡೆಯಲ್ಲಿ ಸಾಲಾಗಿ ತೂಗು ಹಾಕಿದ ಚಿತ್ರಗಳು. ಗಾಂಧೀಜಿ, ನೆಹರೂ, ಮೌಲಾನಾ ಅಬುಲ್ ಕಲಾಮ್ ಆಝಾದ್. ಬೇರೆ ದೇಶಗಳ ಶಾಲೆಗಳಲ್ಲೂ ಹೀಗೆಯೇ ಅವರವರ ನಾಯಕರ ಚಿತ್ರಗಳಿರುತ್ತವೆ. ಮಕ್ಕಳು ಪರೀಕ್ಷೆಗೆ ಹೆಸರು ಮತ್ತು ಇಸವಿ ಬಾಯಿಪಾಠ ಮಾಡುತ್ತಾರೆ. ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ.

ಆದರೆ ಒಂದು ನಾಡನ್ನು ಪರರ ಆಳ್ವಿಕೆಯಿಂದ ಬಿಡಿಸುವುದು ಒಬ್ಬ ನಾಯಕನ ಕೆಲಸವೇ? ಆತ ಮಾತಾಡುವಾಗ ಮೈದಾನದಲ್ಲಿ ಸಾವಿರಾರು ಜನ ಕುಳಿತಿರುತ್ತಾರಲ್ಲ, ಅವರನ್ನು ಅಲ್ಲಿಗೆ ಕರೆತಂದವರು ಯಾರು? ಬಾವುಟ ಹಾರಿದ ಮೇಲೆ ಹಾಗೆ ಕರೆತಂದವರ ಗತಿ ಏನಾಯಿತು? ಈ ಪ್ರಶ್ನೆಗಳನ್ನು ಇಟ್ಟುಕೊಂಡು ಓದಲು ತಕ್ಕದಾದ ಒಂದು ಚರಿತ್ರೆ ಪೂರ್ವ ಆಫ್ರಿಕಾದ ಟಾಂಜಾನಿಯ ದೇಶದ್ದು. ಅದರಲ್ಲಿ ಇಬ್ಬರು ಮುಖ್ಯರು. ಒಬ್ಬರು ಶಾಲಾ ಶಿಕ್ಷಕ ಜೂಲಿಯಸ್ ನೈರೆರೆ. ಇನ್ನೊಬ್ಬರು ಮದುವೆ ಮನೆಗಳಲ್ಲಿ ಹಾಡುತ್ತಿದ್ದ ಮುಸ್ಲಿಮ್ ಮಹಿಳೆ ಬೀಬಿ ತಿತಿ ಮುಹಮ್ಮದ್. ಮೊದಲನೆಯವರ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. 1995ರಲ್ಲಿ ಭಾರತ ಸರಕಾರ ಗಾಂಧಿ ಶಾಂತಿ ಪ್ರಶಸ್ತಿಯನ್ನು ಆರಂಭಿಸಿದಾಗ ಮೊದಲ ವರ್ಷವೇ ಅದನ್ನು ಪಡೆದವರು ಅವರು. ಎರಡನೆಯವರ ಹೆಸರು ನಮ್ಮ ಕಡೆ ಬಂದದ್ದೇ ಇಲ್ಲವೆನ್ನಬೇಕು.

ಮಾತಿನಲ್ಲೇ ಇರುವ ನೆಂಟಸ್ತಿಕೆ

ಕತೆಗೆ ಹೋಗುವ ಮುಂಚೆ ಆ ನಾಡಿನ ಮಾತಿನ ಬಗ್ಗೆ ಎರಡು ಮಾತು. ಅಲ್ಲಿನ ಭಾಷೆ ಸ್ವಾಹಿಲಿ. ಕರಾವಳಿ ಎಂಬ ಅರ್ಥದ 'ಸಾಹಿಲ್' ಎಂಬ ಅರಬಿ ಪದದಿಂದ ಈ ಹೆಸರು ಬಂತು. ನೂರಾರು ವರ್ಷ ಅರಬ್ ವ್ಯಾಪಾರಿಗಳು ಹಾಯಿ ಹಡಗುಗಳಲ್ಲಿ ಬಂದು ಹೋಗುತ್ತಿದ್ದ ತೀರವದು. ಭಾಷೆಯ ಮೈಕಟ್ಟು ಆಫ್ರಿಕಾದ್ದು, ಆದರೆ ಒಳಗೆ ಅರಬಿ ಪದಗಳು ತುಂಬಿಕೊಂಡಿವೆ. ಪುಸ್ತಕಕ್ಕೆ ಅವರೂ 'ಕಿತಾಬು' ಎನ್ನುತ್ತಾರೆ. ಗೆಳೆಯನಿಗೆ 'ರಫೀಕಿ', ರಾಜಕೀಯಕ್ಕೆ 'ಸಿಯಾಸ'. ಸ್ವಾತಂತ್ರ್ಯಕ್ಕೆ 'ಉಹುರು' ಎನ್ನುತ್ತಾರೆ. ಸ್ವತಂತ್ರನಾದವನು ಎಂಬ ಅರ್ಥದ 'ಹುರ್ರ್' ಎಂಬ ಅರಬಿ ಪದವೇ ಅದರ ಬೇರು. ಅಲ್ಲಿನ ದೊಡ್ಡ ಪಟ್ಟಣ ದಾರೆಸ್ಸಲಾಮ್, ಅಂದರೆ ಶಾಂತಿಯ ಮನೆ.

ನೈರೆರೆಯವರನ್ನು ಆ ದೇಶದ ಜನ ಇಂದಿಗೂ 'ಮ್ವಾಲಿಮು' ಎಂದೇ ಕರೆಯುತ್ತಾರೆ. ಮದ್ರಸದಲ್ಲಿ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳು ದಿನಾ ಬಾಯಿ ತುಂಬ ಕರೆಯುವ 'ಮುಅಲ್ಲಿಮ್' ಎಂಬ ಪದವೇ ಅದು. ಒಂದು ದೇಶದ ರಾಷ್ಟ್ರಾಧ್ಯಕ್ಷರಿಗೆ ಅಧಿಕಾರದ ಬಿರುದುಗಳಿಗಿಂತ ಮೇಷ್ಟ್ರು ಎಂಬ ಹೆಸರೇ ಉಳಿದುಕೊಂಡಿತು ಎಂಬುದು ಶಿಕ್ಷಕ ವೃತ್ತಿಯಲ್ಲಿರುವ ನನ್ನಂಥವರಿಗೆ ಸಂತೋಷದ ಸಂಗತಿ.

ಗುಲಾಮಗಿರಿಯ ಹಿನ್ನೆಲೆ

ಆಗ ಆ ನಾಡಿನ ಹೆಸರು ಟಾಂಗಾನಿಕ. 1880ರ ದಶಕದಲ್ಲಿ ಜರ್ಮನರು ಅದನ್ನು ಹಿಡಿದರು. ಬಲವಂತದ ಹತ್ತಿ ಬೆಳೆ, ಬಿಟ್ಟಿ ದುಡಿಮೆ, ತೆರಿಗೆ ಇವುಗಳಿಂದ ಬೇಸತ್ತ ದಕ್ಷಿಣದ ಜನ 1905ರಲ್ಲಿ ದಂಗೆಯೆದ್ದರು. ಅದನ್ನು ಮಾಜಿ ಮಾಜಿ ದಂಗೆ ಎನ್ನುತ್ತಾರೆ. 'ಮಾಜಿ' ಎಂದರೆ ನೀರು. ಮಂತ್ರಿಸಿದ ನೀರು ಮೈಮೇಲಿದ್ದರೆ ಬಂದೂಕಿನ ಗುಂಡು ನೀರಾಗಿ ಹೋಗುತ್ತದೆ ಎಂದು ಅವರು ನಂಬಿದ್ದರು. ಗುಂಡು ನೀರಾಗಲಿಲ್ಲ. ಜರ್ಮನ್ ಸೈನ್ಯ ಹೊಲಗಳನ್ನೂ ಕಣಜಗಳನ್ನೂ ಸುಟ್ಟಿತು. ಯುದ್ಧದಿಂದಲೂ ಅದರ ಹಿಂದೆಯೇ ಬಂದ ಬರದಿಂದಲೂ ಸತ್ತವರು ಕಡಿಮೆಯೆಂದರೂ 75,000 ಎಂದು ಅಂದಾಜು. ಅದಕ್ಕಿಂತ ಬಹಳ ಹೆಚ್ಚು ಎನ್ನುವ ಇತಿಹಾಸಕಾರರೂ ಇದ್ದಾರೆ.

ಒಂದನೆಯ ಮಹಾಯುದ್ಧದಲ್ಲಿ ಜರ್ಮನಿ ಸೋತಿತು. ನಾಡು ಬ್ರಿಟಿಷರ ಕೈಗೆ ಬಂತು. ಎರಡನೆಯ ಮಹಾಯುದ್ಧದ ನಂತರ ವಿಶ್ವಸಂಸ್ಥೆಯ ಮೇಲ್ವಿಚಾರಣೆಯಲ್ಲಿ ಬ್ರಿಟನ್ ನೋಡಿಕೊಳ್ಳಬೇಕಾದ ಪ್ರದೇಶವೆಂದು ಅದನ್ನು ಗುರುತಿಸಲಾಯಿತು. ಯಜಮಾನ ಬದಲಾದನೇ ಹೊರತು ನಾಡು ಅವರದ್ದಾಗಲಿಲ್ಲ. ಆದರೆ ವಿಶ್ವಸಂಸ್ಥೆಯ ಬಾಗಿಲನ್ನು ತಟ್ಟಲು ಒಂದು ಅವಕಾಶ ಮಾತ್ರ ಸಿಕ್ಕಿತು. ಮುಂದೆ ಅದೇ ಉಪಯೋಗಕ್ಕೆ ಬಂತು.

ಹಳ್ಳಿಯ ಹುಡುಗ ಮೇಷ್ಟ್ರಾದದ್ದು

ವಿಕ್ಟೋರಿಯಾ ಸರೋವರದ ಪೂರ್ವಕ್ಕೆ ಬುಟಿಯಾಮ ಎಂಬ ಹಳ್ಳಿಯಿದೆ. ಅಲ್ಲಿ ಜನಾಕಿ ಎಂಬ ಚಿಕ್ಕ ಬುಡಕಟ್ಟಿನ ಮುಖ್ಯಸ್ಥರಿಗೆ ಬಹಳ ಮಂದಿ ಪತ್ನಿಯರು. ಐದನೆಯ ಪತ್ನಿ ಮ್ಗಾಯ ಅವರ ಮಗ ಕಂಬರಾಗೆ 1922ರಲ್ಲಿ ಹುಟ್ಟಿದರು. ಹನ್ನೆರಡು ವರ್ಷ ತುಂಬಿದ ಮೇಲಷ್ಟೇ ಶಾಲೆಯ ಮುಖ ಕಂಡರು. ಅದೂ ಮನೆ ಬಿಟ್ಟು ಮುಸೋಮ ಪಟ್ಟಣದಲ್ಲಿ. ತಡವಾಗಿ ಸೇರಿದರೂ ಎಲ್ಲರನ್ನೂ ಹಿಂದಿಕ್ಕಿದರು. ಟಬೋರಾದ ಸರಕಾರಿ ಶಾಲೆ, ಅಲ್ಲಿಂದ ಯುಗಾಂಡದ ಮಕೆರೆರೆ ಕಾಲೇಜಿನಲ್ಲಿ ಶಿಕ್ಷಕ ತರಬೇತಿ. ಕ್ರೈಸ್ತ ಧರ್ಮ ಸ್ವೀಕರಿಸಿ ಜೂಲಿಯಸ್ ಎಂಬ ಹೆಸರು ಪಡೆದರು. ಕೆಲವು ವರ್ಷ ಪಾಠ ಹೇಳಿ, 1949ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಹೋದರು. 1952ರಲ್ಲಿ ಎಂ.ಎ. ಪದವಿಯೊಂದಿಗೆ ಮರಳಿ, ದಾರೆಸ್ಸಲಾಮ್ ಹತ್ತಿರದ ಪುಗು ಎಂಬಲ್ಲಿನ ಮಿಷನ್ ಶಾಲೆಯಲ್ಲಿ ಕೆಲಸಕ್ಕೆ ಸೇರಿದರು.

ದಾರೆಸ್ಸಲಾಮ್ ಪಟ್ಟಣದ ಆಫ್ರಿಕನ್ನರಲ್ಲಿ ಬಹುತೇಕರು ಮುಸ್ಲಿಮರು. 1929ರಲ್ಲೇ ಅವರು ಒಂದು ಸಂಘ ಕಟ್ಟಿಕೊಂಡಿದ್ದರು. ಅದನ್ನು ಸ್ಥಾಪಿಸಿದವರಲ್ಲಿ ಕ್ಲೈಸ್ಟ್ ಸೈಕ್ಸ್ ಒಬ್ಬರು. 1953ರಲ್ಲಿ ಆ ಸಂಘದ ಅಧ್ಯಕ್ಷ ಸ್ಥಾನಕ್ಕೆ ಚುನಾವಣೆ ನಡೆಯಿತು. ಒಂದು ಕಡೆ ಕ್ಲೈಸ್ಟ್ ಅವರ ಮಗ ಅಬ್ದುಲ್ ವಾಹಿದ್ ಸೈಕ್ಸ್. ಇನ್ನೊಂದು ಕಡೆ ಒಳನಾಡಿನಿಂದ ಬಂದ, ಪಟ್ಟಣದವರಿಗೆ ಅಷ್ಟೊಂದು ಪರಿಚಯವಿಲ್ಲದ ಕ್ರೈಸ್ತ ಮೇಷ್ಟ್ರು. ಗೆದ್ದದ್ದು ಮೇಷ್ಟ್ರು. ಸೋತವರು ಮುನಿಸಿಕೊಂಡು ಬೇರೆ ಸಂಘ ಕಟ್ಟಲಿಲ್ಲ. ಮರುವರ್ಷ, 1954ರ ಜುಲೈ 7ರಂದು, ಅದೇ ಸಂಘವನ್ನು ರಾಜಕೀಯ ಪಕ್ಷವಾಗಿ ಮಾರ್ಪಡಿಸಿದಾಗ ಅಬ್ದುಲ್ ವಾಹಿದ್ ಮತ್ತು ಅವರ ತಮ್ಮ ಅಲಿ ಸೈಕ್ಸ್ ಇಬ್ಬರೂ ಸ್ಥಾಪಕರ ಸಾಲಿನಲ್ಲಿದ್ದರು. ಪಕ್ಷದ ಹೆಸರು ಟಾಂಗಾನಿಕ ಆಫ್ರಿಕನ್ ನ್ಯಾಷನಲ್ ಯೂನಿಯನ್, ಚಿಕ್ಕದಾಗಿ ಟಾನು. ಏಳನೆಯ ತಿಂಗಳ ಏಳನೆಯ ದಿನವಾದ್ದರಿಂದ ಆ ದಿನಕ್ಕೆ 'ಸಬಾ ಸಬಾ' ಎಂಬ ಹೆಸರು ಬಂತು. ಸಬಾ ಎಂದರೆ ಅರಬಿಯಲ್ಲೂ ಏಳೇ ಅಲ್ಲವೇ!

1955ರಲ್ಲಿ ಪಕ್ಷದವರು ಹಣ ಕೂಡಿಸಿ ನೈರೆರೆಯವರನ್ನು ನ್ಯೂಯಾರ್ಕಿನ ವಿಶ್ವಸಂಸ್ಥೆಗೆ ಕಳುಹಿಸಿದರು. ಹಿಂದಿರುಗಿದಾಗ ಶಾಲೆಯ ಆಡಳಿತ ಅವರ ಮುಂದೆ ಒಂದು ಪ್ರಶ್ನೆ ಇಟ್ಟಿತು. ನೌಕರಿಯೋ, ರಾಜಕೀಯವೋ? ಅವರಿಗೆ ಮದುವೆಯಾಗಿ ಎರಡು ವರ್ಷವಾಗಿತ್ತಷ್ಟೇ. ಪಕ್ಷದಿಂದ ಸಂಬಳದ ಖಾತ್ರಿಯಿರಲಿಲ್ಲ. ಅವರು ನೌಕರಿಗೆ ರಾಜೀನಾಮೆ ಕೊಟ್ಟರು. ಇಂಥ ನಿರ್ಧಾರದ ಭಾರ ಮನೆಯ ಹೆಂಗಸಿನ ಮೇಲೆ ಎಷ್ಟು ಬೀಳುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಪತ್ನಿ ಮರಿಯಾ ಅವರ ಹೆಸರನ್ನು ಇಲ್ಲಿ ನೆನೆಯದಿದ್ದರೆ ಕತೆ ಅಪೂರ್ಣವಾಗುತ್ತದೆ.

"ನಿಮ್ಮಲ್ಲಿ ಹೆಂಗಸರು ಎಲ್ಲಿ?"

ಪಕ್ಷವೇನೋ ಹುಟ್ಟಿತು. ಆದರೆ ಸದಸ್ಯರು? ಸರಕಾರಿ ನೌಕರರು ಪಕ್ಷ ಸೇರುವಂತಿರಲಿಲ್ಲ. ಓದಿದವರೆಲ್ಲ ಸರಕಾರಿ ನೌಕರರೇ. ಹೀಗಿರುವಾಗ 1955ರ ಮಧ್ಯದಲ್ಲಿ ಬ್ರಿಟನ್ನಿನ ಲೇಬರ್ ಪಕ್ಷದ ಜಾನ್ ಹ್ಯಾಚ್ ಎಂಬವರು ದಾರೆಸ್ಸಲಾಮಿಗೆ ಬಂದರು. ಅವರು ಟಾನು ನಾಯಕರನ್ನು ಭೇಟಿಯಾಗಿ, ನಿಮ್ಮಲ್ಲಿ ಮಹಿಳಾ ವಿಭಾಗ ಇದೆಯೇ ಎಂದು ವಿಚಾರಿಸಿದರು. ಇದೆ ಎಂದು ಹೇಳುವುದೇನೋ ಸುಲಭ. ತೋರಿಸಲು ಹೆಂಗಸರು ಬೇಕಲ್ಲ! ನಾಯಕರೆನಿಸಿಕೊಂಡವರು ತಮ್ಮ ತಮ್ಮ ಮನೆಯ ಹೆಂಗಸರನ್ನು ಸಭೆಗೆ ಕರೆತರಲು ಹಿಂಜರಿಯುತ್ತಿದ್ದರು. ಆಗ ಮುಂದೆ ಬಂದವರು ಪತಿಯೊಂದಿಗೆ ಆಗಲೇ ಪಕ್ಷದ ಕಾರ್ಡು ಪಡೆದಿದ್ದ ಬೀಬಿ ತಿತಿ.

ತಿತಿ ಹುಟ್ಟಿದ್ದು 1926ರಲ್ಲಿ, ದಾರೆಸ್ಸಲಾಮಿನಲ್ಲೇ. ತಂದೆ ವ್ಯಾಪಾರಿ. ಬಿಳಿಯರ ಶಾಲೆಗೆ ಹೋದರೆ ಹೆಣ್ಣು ಮಗಳ ದೀನ್ ಕೆಟ್ಟು ಹೋಗಬಹುದೆಂಬ ಭಯ ಅವರಿಗೆ. ಆ ಕಾಲದಲ್ಲಿ ಅನೇಕ ಮುಸ್ಲಿಮ್ ಮನೆಗಳಲ್ಲಿ ಇದ್ದ ಭಯವೇ ಇದು. ತಂದೆ ತೀರಿಕೊಂಡ ಮೇಲೆ ತಾಯಿ ಧೈರ್ಯ ಮಾಡಿ ಮಗಳನ್ನು ಶಾಲೆಗೆ ಸೇರಿಸಿದರು. ಓದಿದ್ದು ಕೆಲವೇ ವರ್ಷ. ಆ ತಾಯಿ ಅಂದು ಆ ಒಂದು ಹೆಜ್ಜೆ ಇಡದಿದ್ದರೆ ಮುಂದಿನ ಚರಿತ್ರೆ ಬೇರೆಯಾಗುತ್ತಿತ್ತೋ ಏನೋ.

ತಿತಿಯವರ ಕಂಠ ಚೆನ್ನಾಗಿತ್ತು. ಮೌಲೂದ್ ಹಾಡುಗಳಲ್ಲಿ ಅವರದ್ದು ಮುಂದಿನ ದನಿ. 'ಬೊಂಬಾ' ಎಂಬ ಹೆಂಗಸರ ಹಾಡಿನ ಕೂಟದಲ್ಲೂ ಅವರೇ ಮುಖ್ಯ ಹಾಡುಗಾರ್ತಿ. ನಮ್ಮ ಮದುವೆ ಮನೆಗಳಲ್ಲಿ ಹೆಂಗಸರು ಒಟ್ಟಾಗಿ ಕುಳಿತು ಹಾಡುವುದಿಲ್ಲವೇ, ಅಲ್ಲೂ ಹಾಗೆಯೇ. ಒಂದು ವ್ಯತ್ಯಾಸವೆಂದರೆ ಅಲ್ಲಿ ಅಂತಹ ಕೂಟಗಳಿಗೆ ಹೆಸರಿರುತ್ತಿತ್ತು, ಮುಖ್ಯಸ್ಥೆ ಇರುತ್ತಿದ್ದಳು, ಕಷ್ಟಸುಖಕ್ಕೆ ಪರಸ್ಪರ ನೆರವಾಗುವ ಕಟ್ಟುಪಾಡು ಇರುತ್ತಿತ್ತು. ಬೇರೆ ಬೇರೆ ಬುಡಕಟ್ಟಿನ ಹೆಂಗಸರು ಸ್ವಾಹಿಲಿ ಎಂಬ ಒಂದೇ ಭಾಷೆಯಲ್ಲಿ ಕಲೆಯುತ್ತಿದ್ದ ಜಾಗವದು.

ಹಾಡಿನ ಕೂಟದಿಂದ ಪಕ್ಷಕ್ಕೆ

ಪಕ್ಷದ ಮಹಿಳಾ ವಿಭಾಗದ ಹೊಣೆ ಹೊತ್ತ ಬೀಬಿ ತಿತಿ ಏನು ಮಾಡಿದರು ಗೊತ್ತೇ? ಭಾಷಣದ ಕರಪತ್ರ ಹಂಚಲಿಲ್ಲ. ಓದಲು ಬರುವ ಹೆಂಗಸರು ಬೆರಳೆಣಿಕೆಯಷ್ಟಿದ್ದ ಊರಿನಲ್ಲಿ ಕರಪತ್ರದಿಂದ ಏನು ಪ್ರಯೋಜನ? ಅವರು ಒಂದೊಂದೇ ಹಾಡಿನ ಕೂಟದ ಮುಖ್ಯಸ್ಥೆಯರನ್ನು ಕಂಡು ಮಾತಾಡಿದರು. ಮುಖ್ಯಸ್ಥೆ ಒಪ್ಪಿದರೆ ಇಡೀ ಕೂಟ ಒಪ್ಪಿದ ಹಾಗೆ. 1955ರ ಅಕ್ಟೋಬರ್ ಹೊತ್ತಿಗೆ, ಅಂದರೆ ಕೆಲವೇ ತಿಂಗಳಲ್ಲಿ, ಸುಮಾರು 5,000 ಮಹಿಳೆಯರು ಪಕ್ಷದ ಸದಸ್ಯರಾಗಿದ್ದರು.

ಅವರು ಯಾರೆಂದುಕೊಂಡಿರಿ? ಬೀದಿ ಬದಿಯಲ್ಲಿ ಅಪ್ಪ ಸುಟ್ಟು ಮಾರುವವರು, ಮೀನು ಮಾರುವವರು, ತಲಾಕ್ ಆಗಿ ಸ್ವಂತ ದುಡಿಮೆಯಿಂದ ಮಕ್ಕಳನ್ನು ಸಾಕುತ್ತಿದ್ದವರು. ಕೈಯಲ್ಲಿ ನಾಲ್ಕು ಕಾಸು ತಮ್ಮದೇ ಎಂದಿದ್ದವರು. ಸರಕಾರಿ ನೌಕರಿ ಹೋಗುವ ಭಯ ಇವರಿಗಿರಲಿಲ್ಲ, ಏಕೆಂದರೆ ಆ ನೌಕರಿಯೇ ಇರಲಿಲ್ಲ. ಅವರು ಪಕ್ಷದ ಕಾರ್ಡು ಮಾರಿದರು, ಚಂದಾ ಎತ್ತಿದರು, ಊರೂರಿಂದ ಬಂದ ಕಾರ್ಯಕರ್ತರಿಗೆ ಅಡುಗೆ ಮಾಡಿ ಬಡಿಸಿದರು, ಸಭೆಯ ಸುದ್ದಿಯನ್ನು ಮನೆಯಿಂದ ಮನೆಗೆ ಮುಟ್ಟಿಸಿದರು. ಗಂಡಸರ ರಾಜಕೀಯಕ್ಕೆ ಹೆಂಗಸರು ಸಹಾಯ ಮಾಡಿದರು ಎಂದು ಪುಸ್ತಕಗಳು ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತವೆ. ನಿಜ ಹೇಳಬೇಕೆಂದರೆ ಆ ಪಕ್ಷ ಜನರ ಪಕ್ಷವಾದದ್ದೇ ಇವರಿಂದ.

ಬೀಬಿ ತಿತಿ ನೈರೆರೆಯವರ ಜೊತೆ ಇಡೀ ನಾಡು ಸುತ್ತಿದರು. ಅದುವರೆಗೆ ಸಾರ್ವಜನಿಕ ಭಾಷಣ ಮಾಡಿ ಗೊತ್ತಿಲ್ಲದ ಹೆಂಗಸು ಸಾವಿರಾರು ಜನರ ಮುಂದೆ ನಿಂತು ಮಾತಾಡಿದರು. ನೈರೆರೆಯವರದ್ದು ಮೇಷ್ಟ್ರ ಮಾತು, ಬಿಡಿಸಿ ಬಿಡಿಸಿ ತಿಳಿ ಹೇಳುವ ರೀತಿ. ಬೀಬಿಯವರದ್ದು ಹಾಡುಗಾರ್ತಿಯ ಮಾತು, ಕೇಳಿದವರ ಎದೆಗೆ ನೇರವಾಗಿ ಹೋಗುತ್ತಿತ್ತು. ಸ್ವಾತಂತ್ರ್ಯ ಬರುವ ಹೊತ್ತಿಗೆ ಹಳ್ಳಿಗಾಡಿನ ಜನರಿಗೆಲ್ಲ ತಿಳಿದಿದ್ದ ಪಕ್ಷದ ಹೆಸರುಗಳೆಂದರೆ ಇವೆರಡೇ ಎಂದು ಆ ಕಾಲವನ್ನು ಅಧ್ಯಯನ ಮಾಡಿದವರು ಬರೆಯುತ್ತಾರೆ.

ಯುದ್ಧವಿಲ್ಲದೆ ಬಂದ ಸ್ವಾತಂತ್ರ್ಯ

ಪಕ್ಕದ ಕೆನ್ಯಾದಲ್ಲಿ ಆಗ ಮಾವು ಮಾವು ದಂಗೆ, ಗಲ್ಲು, ಸೆರೆಶಿಬಿರ. ಅಲ್ಜೀರಿಯದಲ್ಲಿ 1954ರಿಂದ 1962ರವರೆಗೆ ಭೀಕರ ಯುದ್ಧ. ಟಾಂಗಾನಿಕದಲ್ಲಿ ಅಂಥದ್ದು ನಡೆಯಲಿಲ್ಲ. ಬ್ರಿಟಿಷರು ಸುಮ್ಮನೆ ಬಿಟ್ಟುಕೊಟ್ಟರೆಂದು ಇದರ ಅರ್ಥವಲ್ಲ. 1958ರಲ್ಲಿ ಪಕ್ಷದ ಪತ್ರಿಕೆಯಲ್ಲಿ ಜಿಲ್ಲಾಧಿಕಾರಿಗಳನ್ನು ಟೀಕಿಸಿದ್ದಕ್ಕೆ ನೈರೆರೆಯವರ ಮೇಲೆ ಮಾನನಷ್ಟ ಮೊಕದ್ದಮೆ ಹೂಡಲಾಯಿತು. 150 ಪೌಂಡ್ ದಂಡ, ಇಲ್ಲವಾದರೆ ಆರು ತಿಂಗಳ ಸಜೆ ಎಂದು ತೀರ್ಪಾಯಿತು. ಜೈಲಿಗೆ ಹೋಗಿದ್ದರೆ ಇನ್ನಷ್ಟು ಜನಪ್ರಿಯರಾಗುತ್ತಿದ್ದರು. ಜನ ರೊಚ್ಚಿಗೇಳಬಹುದು, ರಕ್ತ ಹರಿಯಬಹುದು ಎಂಬುದು ಅವರಿಗೆ ಗೊತ್ತಿತ್ತು. ದಂಡ ಕಟ್ಟಿ ಹೊರಬಂದರು.

ಅದೇ ಸಮಯಕ್ಕೆ ಚುನಾವಣೆ ಬಂತು. ಅದರ ನಿಯಮ ವಿಚಿತ್ರ. ಪ್ರತಿಯೊಬ್ಬ ಮತದಾರನೂ ಒಬ್ಬ ಆಫ್ರಿಕನ್, ಒಬ್ಬ ಏಷ್ಯನ್, ಒಬ್ಬ ಯುರೋಪಿಯನ್ ಹೀಗೆ ಮೂವರಿಗೂ ಮತ ಹಾಕಬೇಕು. ಬೆರಳೆಣಿಕೆಯ ಬಿಳಿಯರಿಗೂ ಲಕ್ಷಾಂತರ ಆಫ್ರಿಕನ್ನರಿಗೂ ಸಮಾನ ಸ್ಥಾನ! ಬಹಿಷ್ಕರಿಸಬೇಕೆಂದು ಪಕ್ಷದಲ್ಲಿ ಅನೇಕರು ಪಟ್ಟು ಹಿಡಿದರು. 1958ರ ಜನವರಿಯಲ್ಲಿ ಟಬೋರಾ ಸಮಾವೇಶದಲ್ಲಿ ನೈರೆರೆ ಅವರನ್ನು ಒಪ್ಪಿಸಿದರು. ಆ ನಿಯಮದೊಳಗೇ ಸ್ಪರ್ಧಿಸಿ, ಏಷ್ಯನ್ನರಲ್ಲೂ ಯುರೋಪಿಯನ್ನರಲ್ಲೂ ತಮ್ಮ ಪರ ಇರುವವರನ್ನು ಬೆಂಬಲಿಸಿ ಗೆದ್ದರು. ಹಾಗೆ ಗೆದ್ದವರಲ್ಲಿ ಅರೂಶ ಕ್ಷೇತ್ರದ ಸೋಫಿಯಾ ಮುಸ್ತಫಾ ಒಬ್ಬರು. ಭಾರತದಲ್ಲಿ ಹುಟ್ಟಿ ನೈರೋಬಿಯಲ್ಲಿ ಬೆಳೆದ ಮುಸ್ಲಿಮ್ ಮಹಿಳೆ ಇವರು. ಆ ದಿನಗಳ ಬಗ್ಗೆ ಇಂಗ್ಲಿಷಿನಲ್ಲಿ 'ದಿ ಟಾಂಗಾನಿಕ ವೇ' ಎಂಬ ಪುಸ್ತಕವನ್ನೂ ಬರೆದರು.

1960ರ ಚುನಾವಣೆಯಲ್ಲಿ 71 ಸ್ಥಾನಗಳಲ್ಲಿ 70 ಟಾನು ಪಾಲಾಯಿತು. 1961ರ ಡಿಸೆಂಬರ್ 9ರಂದು ಬ್ರಿಟಿಷ್ ಬಾವುಟ ಇಳಿಯಿತು. ಆ ರಾತ್ರಿ ಕಿಲಿಮಂಜಾರೊ ಶಿಖರದ ಮೇಲೆ ಉಹುರು ಪಂಜನ್ನು ಹೊತ್ತಿಸಲಾಯಿತು.

ಬಾವುಟ ಹಾರುವ ಎರಡು ತಿಂಗಳ ಮುಂಚೆ ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಹೊಸ ದೇಶದಲ್ಲಿ ಪೌರತ್ವ ಯಾರಿಗೆ ಎಂಬ ಚರ್ಚೆ ಶಾಸನ ಸಭೆಯಲ್ಲಿ ನಡೆಯಿತು. ಕರಿಯರಿಗೆ ಮಾತ್ರ ಕೊಡಿ, ಭಾರತೀಯರಿಗೂ ಬಿಳಿಯರಿಗೂ ಬೇಡ ಎಂದು ಕೆಲವು ಸದಸ್ಯರು ಹಟ ಹಿಡಿದರು. ಬಹುಸಂಖ್ಯಾತರನ್ನು ಮೆಚ್ಚಿಸಲು ಇದಕ್ಕಿಂತ ಸುಲಭದ ದಾರಿಯಿರಲಿಲ್ಲ. ನೈರೆರೆ ಒಪ್ಪಲಿಲ್ಲ. ಮೈಬಣ್ಣ ನೋಡಿ ಪೌರತ್ವ ಕೊಡುವುದಾದರೆ ತಾವೂ ತಮ್ಮ ಸರಕಾರವೂ ರಾಜೀನಾಮೆ ಕೊಡುವುದಾಗಿ ಎಚ್ಚರಿಸಿದರು. ಸಭೆ ತಣ್ಣಗಾಯಿತು. ಮುಂದೆ ಗುಜರಾತಿ ಮೂಲದ ಅಮೀರ್ ಜಮಾಲ್ ಎಂಬವರು ಅನೇಕ ವರ್ಷ ಆ ದೇಶದ ಹಣಕಾಸು ಸಚಿವರಾಗಿದ್ದರು. ಸಂಖ್ಯೆಯಲ್ಲಿ ಕಡಿಮೆಯಿರುವವರಿಗೆ ಆಳುವವರ ಇಂತಹ ಒಂದು ಮಾತಿನ ಬೆಲೆ ಎಷ್ಟೆಂಬುದು ಚೆನ್ನಾಗಿ ಗೊತ್ತಿರುತ್ತದೆ.

ಕುರ್ಚಿಯ ಪರೀಕ್ಷೆ

ಹೋರಾಟದ ದಿನಗಳಲ್ಲಿ ಒಳ್ಳೆಯವರಾಗಿದ್ದವರು ಕುರ್ಚಿ ಸಿಕ್ಕ ಮೇಲೆ ಬದಲಾಗುವುದನ್ನು ಲೋಕ ಬಹಳ ಕಂಡಿದೆ. ನೈರೆರೆಯವರು ಪ್ರಧಾನಿಯಾಗಿ ಆರು ವಾರ ಕಳೆಯುವುದರೊಳಗೆ ಹುದ್ದೆಗೆ ರಾಜೀನಾಮೆ ಕೊಟ್ಟರು. ಸರಕಾರವನ್ನು ಸಂಗಡಿಗ ರಶೀದಿ ಕವಾವ ಅವರಿಗೆ ಒಪ್ಪಿಸಿ, ಪಕ್ಷವನ್ನು ಬಲಪಡಿಸಲು ಹಳ್ಳಿಗಳ ಕಡೆ ನಡೆದರು. 1962ರ ನವೆಂಬರಿನಲ್ಲಿ ಜನ ಅವರನ್ನು ರಾಷ್ಟ್ರಾಧ್ಯಕ್ಷರಾಗಿ ಆರಿಸಿದರು. 1964ರಲ್ಲಿ ಜಾಂಜಿಬಾರ್ ದ್ವೀಪ ಕೂಡಿಕೊಂಡು ದೇಶ ಟಾಂಜಾನಿಯವಾಯಿತು.

ಬ್ರಿಟಿಷರು ಬಿಟ್ಟು ಹೋಗುವಾಗ ವಯಸ್ಕರಲ್ಲಿ ನೂರಕ್ಕೆ 85 ಮಂದಿಗೆ ಓದು ಬರಹ ಬರುತ್ತಿರಲಿಲ್ಲ, ಇಡೀ ದೇಶದಲ್ಲಿದ್ದವರು ಇಬ್ಬರು ಇಂಜಿನಿಯರರು ಮತ್ತು ಹನ್ನೆರಡು ವೈದ್ಯರು ಎಂದು ನೈರೆರೆ ಮುಂದೆ ಲೆಕ್ಕ ಹೇಳುತ್ತಿದ್ದರು. ತಾವು ಅಧಿಕಾರ ಬಿಡುವಾಗ ಓದು ಬರಹ ಬಲ್ಲವರು ನೂರಕ್ಕೆ 91 ಆಗಿದ್ದರು ಎಂಬುದು ಅವರದ್ದೇ ಲೆಕ್ಕ. ನೂರಿಪ್ಪತ್ತಕ್ಕೂ ಹೆಚ್ಚು ಬುಡಕಟ್ಟುಗಳ ದೇಶವನ್ನು ಸ್ವಾಹಿಲಿ ಭಾಷೆಯಲ್ಲಿ ಒಂದು ಮಾಡಿದರು. ಶೇಕ್ಸ್‌ಪಿಯರನ ಎರಡು ನಾಟಕಗಳನ್ನು ತಾವೇ ಕುಳಿತು ಸ್ವಾಹಿಲಿಗೆ ತಂದರು. ಆಳುವ ಕೆಲಸದ ನಡುವೆಯೂ ಮೇಷ್ಟ್ರು ಮೇಷ್ಟ್ರೇ.

1967ರಲ್ಲಿ ಅರೂಶ ಘೋಷಣೆ ಹೊರಬಿತ್ತು. ಅದರ ಮುಖ್ಯ ಪದ 'ಉಜಮಾ'. ನಮ್ಮ 'ಜಮಾಅತ್' ಎಂಬ ಪದದ ನೆಂಟ. ಎಲ್ಲರೂ ಒಂದು ಕುಟುಂಬದಂತೆ ಕೂಡಿ ದುಡಿದು ಹಂಚಿ ತಿನ್ನಬೇಕು ಎಂಬ ಆಶಯ. ನಾಯಕರಾದವರು ಎರಡು ಸಂಬಳ ಪಡೆಯಬಾರದು, ಕಂಪೆನಿಗಳಲ್ಲಿ ಪಾಲು ಇಟ್ಟುಕೊಳ್ಳಬಾರದು, ಮನೆ ಕಟ್ಟಿ ಬಾಡಿಗೆಗೆ ಕೊಡಬಾರದು ಎಂದು ನಿಯಮವಾಯಿತು. ಹಿಂದಿನ ವರ್ಷವೇ ಅವರು ತಮ್ಮ ಸಂಬಳವನ್ನು ನೂರಕ್ಕೆ 20ರಷ್ಟು ಕಡಿತ ಮಾಡಿಕೊಂಡಿದ್ದರು. ಲಂಚದ ಹಣದಲ್ಲಿ ಕಟ್ಟಿದ ಅರಮನೆ, ವಿದೇಶಿ ಬ್ಯಾಂಕಿನ ಖಾತೆ ಯಾವುದೂ ಅವರ ಹೆಸರಿನೊಂದಿಗೆ ಅಂಟಿಕೊಳ್ಳಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾಗುತ್ತದೆ. ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಕಾನೂನನ್ನು ಸ್ವತಂತ್ರ ಟಾಂಗಾನಿಕ 1962ರಲ್ಲೇ ಮಾಡಿತು. 1965ರಲ್ಲಿ ಒಂದೇ ಪಕ್ಷದ ಆಡಳಿತ ಕಾನೂನಾಯಿತು. 1968ರಲ್ಲಿ, ಶಾಲೆ ಮಸೀದಿಗಳನ್ನು ಕಟ್ಟುತ್ತಿದ್ದ ಪೂರ್ವ ಆಫ್ರಿಕಾ ಮುಸ್ಲಿಮ್ ವೆಲ್ಫೇರ್ ಸೊಸೈಟಿಯನ್ನು ಸರಕಾರ ನಿಷೇಧಿಸಿತು. ಈ ನೋವು ಅಲ್ಲಿನ ಮುಸ್ಲಿಮರಲ್ಲಿ ಬಹುಕಾಲ ಉಳಿಯಿತು. ಇಷ್ಟಪಟ್ಟು ಕೂಡಿ ಬಾಳಬೇಕು ಎಂದು ಆರಂಭವಾದ ಉಜಮಾ, 1973ರ ನಂತರ ಬಲವಂತವಾಯಿತು. ಲಕ್ಷಾಂತರ ರೈತರನ್ನು ಹಳೆಯ ಮನೆಯಿಂದ ಎಬ್ಬಿಸಿ ಹೊಸ ಹಳ್ಳಿಗಳಿಗೆ ಸಾಗಿಸಲಾಯಿತು. ಕೆಲವೆಡೆ ಅವರು ಹಿಂದಿರುಗದಂತೆ ಮನೆಗಳನ್ನೇ ಸುಟ್ಟರು. ಬೆಳೆ ಕುಸಿಯಿತು, ಹೊರಗಿನಿಂದ ಧಾನ್ಯ ತರಿಸಬೇಕಾಯಿತು. ಪ್ರಾಮಾಣಿಕ ಮನುಷ್ಯನ ಒಳ್ಳೆಯ ಆಶಯವೂ, ಎದುರಾಡುವವರು ಇಲ್ಲದಿದ್ದರೆ, ಬಡವರ ಸೂರಿಗೆ ಬೆಂಕಿಯಾಗಬಹುದು.

ಸೆರೆಮನೆಗೆ ಹೋದ ಬೀಬಿ

ಸ್ವಾತಂತ್ರ್ಯದ ನಂತರ ಬೀಬಿ ತಿತಿ ಸಂಸತ್ ಸದಸ್ಯೆಯಾದರು, ಕಿರಿಯ ಸಚಿವರಾದರು. 1962ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮಹಿಳಾ ಸಂಘಕ್ಕೆ ಅವರೇ ಮೊದಲ ಅಧ್ಯಕ್ಷೆ. ಆದರೆ ಕಾಲ ಬದಲಾಗಿತ್ತು. ಹೋರಾಟಕ್ಕೆ ಕಂಠ ಬೇಕಿತ್ತು, ಆಡಳಿತಕ್ಕೆ ಇಂಗ್ಲಿಷ್ ಮತ್ತು ಸರ್ಟಿಫಿಕೇಟು ಬೇಕಾಯಿತು. 1965ರ ಚುನಾವಣೆಯಲ್ಲಿ ಅವರು ಸೋತರು. ಎರಡು ವರ್ಷದ ನಂತರ ಅರೂಶ ಘೋಷಣೆಯ ಬಾಡಿಗೆ ಮನೆಯ ನಿಯಮ ಬಂದಾಗ ಅವರು ಒಪ್ಪದೆ ಪಕ್ಷದ ಕೇಂದ್ರ ಸಮಿತಿಗೆ ರಾಜೀನಾಮೆ ಕೊಟ್ಟರು.

ಇದರಲ್ಲಿ ಯಾರ ಕಡೆ ನ್ಯಾಯವಿದೆ? ನಾಯಕರು ಸೊತ್ತು ಕೂಡಿಸಬಾರದೆಂಬ ನಿಯಮ ಒಳ್ಳೆಯದೇ. ಹೆಂಗಸಿನ ಕಡೆಯಿಂದಲೂ ನೋಡಿ. ಡಿಗ್ರಿಯಿಲ್ಲ, ನೌಕರಿಯಿಲ್ಲ, ಪಿಂಚಣಿಯಿಲ್ಲ. ಮುಪ್ಪಿನಲ್ಲಿ ಯಾರ ಮುಂದೆಯೂ ಕೈ ಚಾಚದಿರಲು ಹೆಣ್ಣಿಗೆ ತನ್ನ ಹೆಸರಿನಲ್ಲಿ ಒಂದು ಸೂರು, ಅದರ ಬಾಡಿಗೆ ಎಷ್ಟು ದೊಡ್ಡ ಆಸರೆ! ನಿಮಗೆ ಇದು ಕೂಡಲೇ ಅರ್ಥವಾಗುತ್ತದೆ. ನಿಯಮ ಮಾಡಿದ ಗಂಡಸರಿಗೆ ಹೊಳೆದಿತ್ತೋ ಇಲ್ಲವೋ.

1969ರ ಅಕ್ಟೋಬರಿನಲ್ಲಿ ಬೀಬಿ ತಿತಿಯವರ ಬಂಧನವಾಯಿತು. ಆರೋಪ ರಾಜದ್ರೋಹ. ಮಾಜಿ ಸಚಿವರೊಬ್ಬರು ಮತ್ತು ಸೈನ್ಯಾಧಿಕಾರಿಗಳ ಜೊತೆ ಸೇರಿ ಸರಕಾರ ಉರುಳಿಸಲು ಸಂಚು ಹೂಡಿದರು ಎಂದು. ದೇಶದ ಮೊದಲ ರಾಜದ್ರೋಹ ಮೊಕದ್ದಮೆಯದು. ವಿಚಾರಣೆ 127 ದಿನ ನಡೆಯಿತು. ಅವರು ಆರೋಪವನ್ನು ಅಲ್ಲಗಳೆದರು. 1971ರಲ್ಲಿ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. ಅವರು ಬಂಧನದಲ್ಲಿದ್ದಾಗಲೇ ಪತಿ ತಲಾಕ್ ಕೊಟ್ಟರು. ಪರಿಚಯದವರು ದೂರ ಸರಿದರು. ಒಂದು ಕಾಲದಲ್ಲಿ ಅವರ ದನಿ ಕೇಳಲು ಮೈಲಿಗಟ್ಟಲೆ ನಡೆದು ಬರುತ್ತಿದ್ದ ಜನರಿಗೆ ಅವರ ಹೆಸರೆತ್ತಲೂ ಹೆದರಿಕೆ.

1972ರಲ್ಲಿ ನೈರೆರೆಯವರೇ ಅವರನ್ನು ಕ್ಷಮಿಸಿ ಬಿಡುಗಡೆ ಮಾಡಿದರು. ಸೆರೆಮನೆಯ ಬಾಗಿಲು ತೆರೆಯಿತು, ಆದರೆ ಹಳೆಯ ಬದುಕು ಮರಳಿ ಬರಲಿಲ್ಲ. ಮುಂದಿನ ಅನೇಕ ವರ್ಷ ಅವರು ದಾರೆಸ್ಸಲಾಮಿನಲ್ಲಿ ಸದ್ದಿಲ್ಲದೆ ಬಾಳಿದರು.

ಇಬ್ಬರ ಕೊನೆಯ ದಿನಗಳು

ನೈರೆರೆ 1985ರಲ್ಲಿ ರಾಷ್ಟ್ರಾಧ್ಯಕ್ಷ ಹುದ್ದೆಯಿಂದ ತಾವಾಗಿ ಇಳಿದರು. ಆಫ್ರಿಕಾದಲ್ಲಿ ಆಗ ಇದು ಅಪರೂಪ. ಜಾಂಜಿಬಾರಿನ ಅಲಿ ಹಸನ್ ಮ್ವಿನ್ಯಿ ಅವರ ನಂತರ ಬಂದರು. ತಮ್ಮ ಆರ್ಥಿಕ ನೀತಿ ಸೋತದ್ದನ್ನು ನೈರೆರೆ ಕಂಡರು. ಹುಟ್ಟೂರು ಬುಟಿಯಾಮಕ್ಕೆ ಹಿಂದಿರುಗಿ ಬೇಸಾಯದಲ್ಲಿ ತೊಡಗಿದರು. ಬುರುಂಡಿಯ ಜನಾಂಗೀಯ ಕಲಹ ನಿಲ್ಲಿಸಲು ಮುದಿ ವಯಸ್ಸಿನಲ್ಲೂ ಓಡಾಡಿದರು. 1999ರ ಅಕ್ಟೋಬರ್ 14ರಂದು ಲಂಡನ್ನಿನ ಆಸ್ಪತ್ರೆಯಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಸಮಾಧಿ ಬುಟಿಯಾಮದಲ್ಲಿದೆ.

ಬೀಬಿ ತಿತಿಯವರನ್ನು ದೇಶ ನಿಧಾನವಾಗಿ ನೆನಪಿಸಿಕೊಂಡಿತು. 1991ರಲ್ಲಿ ಸ್ವಾತಂತ್ರ್ಯದ ಮೂವತ್ತನೆಯ ವರ್ಷದಂದು ಆಳುವ ಪಕ್ಷದ ಪತ್ರಿಕೆಯೇ ಅವರನ್ನು ಉಹುರು ಹೋರಾಟದ ವೀರ ಮಹಿಳೆ ಎಂದು ಹೊಗಳಿತು. 2000ದ ನವೆಂಬರ್ 5ರಂದು ಜೋಹಾನ್ಸ್‌ಬರ್ಗಿನ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ದಾರೆಸ್ಸಲಾಮಿನ ಒಂದು ಮುಖ್ಯ ರಸ್ತೆಗೆ ಅವರ ಹೆಸರಿದೆ. 2021ರ ಮಾರ್ಚಿನಲ್ಲಿ ಆ ದೇಶಕ್ಕೆ ಮೊದಲ ಬಾರಿಗೆ ಒಬ್ಬ ಮಹಿಳೆ, ಜಾಂಜಿಬಾರಿನ ಸಾಮಿಯ ಸುಲೂಹು ಹಸನ್, ರಾಷ್ಟ್ರಾಧ್ಯಕ್ಷರಾದರು. ಹಾಡಿನ ಕೂಟಗಳ ಹೆಂಗಸರನ್ನು ಮೈದಾನಕ್ಕೆ ಕರೆತಂದ ಬೀಬಿ ಆ ದಿನ ನೋಡಲು ಇರಲಿಲ್ಲ.

ನಾವು ತಿಳಿಯಬೇಕಾದದ್ದು

ಸಹೋದರಿಯರೇ, ನಾಯಕರ ಚರಿತ್ರೆಯನ್ನು ಓದುವಾಗ ನಾವು ಸಾಮಾನ್ಯವಾಗಿ ಎರಡು ತಪ್ಪು ಮಾಡುತ್ತೇವೆ. ಒಂದೋ ಅವರನ್ನು ಕುಂದೇ ಇಲ್ಲದವರೆಂದು ತಲೆಯ ಮೇಲೆ ಹೊರುತ್ತೇವೆ, ಇಲ್ಲವೇ ಒಂದು ಕುಂದು ಕಂಡ ಕೂಡಲೇ ಕೆಳಗೆ ಎಸೆಯುತ್ತೇವೆ. ನೈರೆರೆ ಎರಡಕ್ಕೂ ತಕ್ಕವರಲ್ಲ. ಕೈ ಶುದ್ಧವಾಗಿಟ್ಟುಕೊಂಡರು, ಅಲ್ಪಸಂಖ್ಯಾತರ ಪರ ನಿಂತರು, ಕುರ್ಚಿ ಬಿಟ್ಟು ಹೋದರು. ಜೊತೆಗೇ ಭಿನ್ನ ದನಿಗಳನ್ನು ಅಡಗಿಸಿದ ಆಡಳಿತಕ್ಕೂ ಅವರೇ ಹೊಣೆ. ಸತ್ಯ ಸಾಕ್ಷ್ಯ ನುಡಿಯುವವರು ಎರಡನ್ನೂ ಹೇಳಬೇಕು.

ಇನ್ನೊಂದು, ಹೆಂಗಸರನ್ನು ಕುರಿತದ್ದು. ಕೆಲಸವಿರುವ ತನಕ ಅವರನ್ನು ಕರೆಯುವುದು, ಕೆಲಸ ಮುಗಿದ ಮೇಲೆ ನಿಮಗೆ ಓದಿಲ್ಲ, ತಿಳಿವಳಿಕೆ ಸಾಲದು ಎಂದು ಮನೆಗೆ ಕಳುಹಿಸುವುದು ಟಾಂಗಾನಿಕದಲ್ಲಿ ಮಾತ್ರ ನಡೆದದ್ದಲ್ಲ. ನಮ್ಮಲ್ಲೇ ಖಿಲಾಫತ್ ಚಳವಳಿಯ ಕಾಲದಲ್ಲಿ ಊರೂರು ಸುತ್ತಿ ಚಂದಾ ಕೂಡಿಸಿದ ಅಲಿ ಸಹೋದರರ ತಾಯಿ ಬೀ ಅಮ್ಮಾ ಅವರ ಹೆಸರು ಎಷ್ಟು ಮಕ್ಕಳಿಗೆ ಗೊತ್ತು? ಬೀಬಿ ತಿತಿಯವರಿಗೆ ಒಂದು ದೇಶವನ್ನೇ ಎಬ್ಬಿಸುವ ಶಕ್ತಿಯಿತ್ತು. ಆದರೆ ಬಾಲ್ಯದಲ್ಲಿ ತಪ್ಪಿದ ಶಾಲೆಯ ಕೊರತೆ ಸಚಿವರಾದ ಮೇಲೂ ಅವರ ಬೆನ್ನು ಬಿಡಲಿಲ್ಲ. ಹೆಣ್ಣು ಮಗಳನ್ನು ಶಾಲೆಯಿಂದ ಬಿಡಿಸುವ ಆಲೋಚನೆ ಯಾವುದಾದರೂ ಮನೆಯಲ್ಲಿದ್ದರೆ ಈ ಮಾತನ್ನು ದಯವಿಟ್ಟು ನೆನಪಿಡಿ. ಮಗಳ ಕೈಹಿಡಿದು ಶಾಲೆಗೆ ಕರೆದೊಯ್ದ ಆ ವಿಧವೆ ತಾಯಿಯನ್ನೂ ನೆನಪಿಡಿ.

ರಾತ್ರಿ ಊಟವಾದ ಮೇಲೆ ಮಕ್ಕಳಿಗೆ ಚರಿತ್ರೆಯ ಕತೆ ಹೇಳುವ ಅಭ್ಯಾಸ ನಿಮ್ಮ ಮನೆಯಲ್ಲಿದ್ದರೆ, ಈ ಇಬ್ಬರ ಕತೆಯನ್ನು ಒಂದೇ ದಿನ ಹೇಳಿ. ಮುಅಲ್ಲಿಮ್ ಅವರದ್ದನ್ನು ಮಾತ್ರ ಹೇಳಿ ಬೀಬಿಯವರದ್ದನ್ನು ನಾಳೆಗೆ ಇಡಬೇಡಿ.